ಸೋರುವ ಬಿಲ್ಲೆ

ವೇದಾವತಿ ದಂಡೆಯ ಆಶ್ರಮದಲ್ಲಿ ಒಂದು ಹಳೇ ಲಾರಿ ಇತ್ತು. ಅದರ ಅಗತ್ಯ ತೀರಿತ್ತು. ಮಾರಿಬಿಡೋಣ ಅಂದರು ಗುರು ಮರುಳಯ್ಯನವರು.

ಕೊಳ್ಳಲು ಬರಬೇಕಾದವನು ಪಾಲಯ್ಯ. ಇಪ್ಪತ್ತು ವರ್ಷ ಬೇರೆಯವರ ಲಾರಿ ಓಡಿಸಿದವನು. ಸ್ವಂತದ್ದೊಂದು ಬೇಕೆಂದು ಜೋಡಿ ಎತ್ತು ಮಾರಿಕೊಂಡಿದ್ದ.

ಲಾರಿ ನೋಡಿಕೊಳ್ಳುತ್ತಿದ್ದವನು ಶಿಷ್ಯ ತಿಪ್ಪೇಶಿ. ಅವತ್ತು ಬೆಳಿಗ್ಗೆ ಅವನು ಅಡುಗೆಮನೆಯಿಂದ ಬರುವಾಗ ಗುರುಗಳು ಎದುರಾದರು.

“ಕೈ ಯಾಕೋ ಹಳದಿ?”

“ಅರಿಶಿನ, ಬುದ್ಧಿ. ರೇಡಿಯೇಟರಿಗೆ ಹಾಕಿದೆ.”

ಎಂಜಿನ್ನಿನ ಪಕ್ಕೆಯಲ್ಲಿ, ಒಳಗಿನ ನೀರು ಹೊರಗೆ ಬಾರದಂತೆ ಬಡಿದು ಕೂರಿಸಿದ ತಗಡಿನ ಬಿಲ್ಲೆಗಳಿರುತ್ತವೆ. ಈ ಲಾರಿಯ ನಾಲ್ಕರಲ್ಲಿ ಒಂದು ತುಕ್ಕು ಹಿಡಿದು ಸೋರುತ್ತಿತ್ತು. ಅರಿಶಿನ ಹೋಗಿ ತೂತಿಗೆ ಕಚ್ಚಿಕೊಂಡಿತ್ತು.

“ನಿಂತಿತಾ?”

“ಒಂದು ಹನಿ ಇಲ್ಲ.”

“ಎಷ್ಟು ದಿನಕ್ಕೆ?”

“ಅವನು ಊರು ಮುಟ್ಟೋ ತನಕ ಸಾಕಲ್ಲ, ಬುದ್ಧಿ. ಆಮೇಲೆ ಲಾರಿ ಅವನದು, ಸೋರಿಕೆನೂ ಅವನದು.”

ಗುರುಗಳು ಬೈಯಲಿಲ್ಲ. “ಸರಿ” ಅಂದು ಹೊಳೆಗೆ ಹೋದರು.

ಹಳೇ ಲಾರಿ ಕೊಳ್ಳುವವನು ಬಣ್ಣ ನೋಡುವುದಿಲ್ಲ, ನೆಲ ನೋಡುತ್ತಾನೆ. ಪಾಲಯ್ಯನೂ ಬಂದವನೇ ಎಂಜಿನ್ ಚಾಲೂ ಮಾಡಿ, ಲಾರಿ ಕೆಳಗೆ ತೂರಿ, ಮಣ್ಣು ಮುಟ್ಟಿ ನೋಡಿದ. ಒಣಗಿತ್ತು. ಮಾತು ಕುದುರಿತು.

“ಇನ್ನೊಂದು” ಅಂದರು ಗುರುಗಳು. “ನಮ್ಮ ತಿಪ್ಪೇಶಿನೂ ಲಾರಿ ಜೊತೆ ಬರ್ತಾನೆ. ಒಂದು ವರ್ಷ ನಿಮ್ಮ ಹತ್ರ ಕ್ಲೀನರ್ ಆಗಿರ್ತಾನೆ.”

“ಸಂಬಳ ಕೊಡೋ ಶಕ್ತಿ ಇಲ್ಲ, ಬುದ್ಧಿ.”

“ಎರಡು ಹೊತ್ತು ಮುದ್ದೆ ಹಾಕಿ. ಘಾಟಿಯಲ್ಲಿ ಕೆಟ್ಟು ನಿಂತರೆ ರಿಪೇರಿ ಇವನ ಪಾಲಿಗೆ.”

ತಿಪ್ಪೇಶಿಯ ಮುಖ ಇಳಿಯಿತು. ಗುರುಗಳನ್ನು ಪಕ್ಕಕ್ಕೆ ಕರೆದ.

“ಬುದ್ಧಿ, ಅದು ಘಾಟಿ ಹತ್ತಲ್ಲ. ನೀರು ಹೋದರೆ ಎಂಜಿನ್ ಕಾದು ಹಿಡಕೊಳ್ಳುತ್ತೆ. ನಡುದಾರೀಲಿ ನಾನೇನು ಮಾಡಲಿ?”

“ಇದು ಬೆಳಿಗ್ಗೆ ಗೊತ್ತಿರಲಿಲ್ಲವೇನೋ?”

“ಗೊತ್ತಿತ್ತು.”

“ಮತ್ತೆ?”

“ಬೆಳಿಗ್ಗೆ ನಾನು ಅದರಲ್ಲಿ ಕೂತಿರಲಿಲ್ಲ.”

ಗುರುಗಳು ಪಾಲಯ್ಯನ ಕಡೆ ನೋಡಿದರು.

ತಿಪ್ಪೇಶಿ ಅವನ ಮುಂದೆ ಹೋಗಿ ನಿಂತ. “ಪಾಲಣ್ಣ, ಬಿಲ್ಲೆ ಸೋರ್ತಿದೆ. ಅರಿಶಿನ ಹಾಕಿ ನಿಲ್ಲಿಸಿದ್ದೆ.”

“ಥೂ ನಿನ್ನ! ಎತ್ತು ಮಾರಿ ಬಂದೀನಿ ಕಣೋ. ಆಶ್ರಮ ಅಂತ ನಂಬಿದ್ನಲ್ಲ, ಬುದ್ಧಿ!”

“ನಂಬಬೇಡಿ” ಅಂದರು ಗುರುಗಳು. “ಇಲ್ಲೇ ಕೂತು ನೋಡಿ.”

ಪಾಲಯ್ಯ ಹೋಗಲೂ ಆಗದೆ, ಕೊಳ್ಳಲೂ ಆಗದೆ ಬೇವಿನ ಕಟ್ಟೆ ಮೇಲೆ ಕೂತ.

ತಿಪ್ಪೇಶಿ ಎಂಜಿನ್ ಆರಲು ಬಿಟ್ಟು ನೀರು ಬಸಿದ. ಹಳದಿ ನೀರು ಹರಿಯಿತು.

“ಸಾರು ಚೆನ್ನಾಗಿದೆ” ಅಂದ ಪಾಲಯ್ಯ. “ಒಗ್ಗರಣೆ ಒಂದು ಮರೆತೆ.”

ತಿಪ್ಪೇಶಿ ಬಿಲ್ಲೆಯ ಒಂದು ಅಂಚಿಗೆ ಹೊಡೆದಾಗ ಅದು ಅಡ್ಡ ತಿರುಗಿತು. ಇಕ್ಕಳದಲ್ಲಿ ಹಿಡಿದು ಎಳೆದು ತೆಗೆದ. ಪೇಟೆಗೆ ಹೋಗಿ ಅದೇ ಅಳತೆಯ ಹೊಸದು ತಂದ.

“ಎಷ್ಟು ತಂದೆ?” ಕೇಳಿದರು ಗುರುಗಳು.

“ಒಂದು. ಸೋರೋದು ಒಂದೇ.”

ಪಾಲಯ್ಯ ಕಟ್ಟೆಯಿಂದ ಎದ್ದು ಬಂದ. ಸ್ಕ್ರೂಡ್ರೈವರ್ ತಗೊಂಡು ಪಕ್ಕದ ಬಿಲ್ಲೆಗೆ ಮೆಲ್ಲಗೆ ಕುಟ್ಟಿದ. ಮೊನೆ ಹಪ್ಪಳಕ್ಕೆ ಹೋದಂತೆ ಒಳಗೆ ಹೋಯಿತು.

“ಎಲ್ಲ ಒಂದೇ ದಿನ ಹಾಕಿದ್ದು ಕಣಪ್ಪ. ಒಂದೇ ನೀರು ಕುಡಿದದ್ದು.”

ತಿಪ್ಪೇಶಿ ಇನ್ನೊಮ್ಮೆ ಪೇಟೆಗೆ ಹೋದ. ಇನ್ನೂ ಮೂರು ತಂದು, ಉಳಿದ ಹಳೆಯವನ್ನೂ ಕಿತ್ತ.

ಹೊಸ ಬಿಲ್ಲೆ ಕೂರಿಸುವುದು ನಾಲ್ಕು ಏಟಿನ ಕೆಲಸ. ಅದು ಕೂರುವ ಜಾಗ ಚೊಕ್ಕ ಮಾಡುವುದಕ್ಕೇ ಮಧ್ಯಾಹ್ನ ಕಳೆಯಿತು. ಉಪ್ಪು ಕಾಗದದಲ್ಲಿ ತುಕ್ಕು ಉಜ್ಜಿದ. ಬೆರಳಾಡಿಸಿ ನೋಡಿದ. ಮತ್ತೆ ಉಜ್ಜಿದ. ಕೊನೆಗೆ ಅಂಚಿಗೆ ಅಂಟು ಸವರಿ ನಾಲ್ಕನ್ನೂ ನೇರಕ್ಕೆ ಬಡಿದು ಕೂರಿಸಿದ. ಹಳದಿ ಹೋಗುವವರೆಗೆ ನೀರು ತುಂಬಿಸಿ ಬಸಿದ.

ಹೊಸ ನೀರು ತುಂಬಿ ಎಂಜಿನ್ ಚಾಲೂ ಮಾಡಿದರು. ಅದು ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿದರು. ಪಾಲಯ್ಯ ಮತ್ತೆ ಕೆಳಗೆ ತೂರಿದ. ಈ ಸಲ ನಾಲ್ಕೂ ಬಿಲ್ಲೆಗಳನ್ನು ಒಂದೊಂದಾಗಿ ಮುಟ್ಟಿ ಹೊರಗೆ ಬಂದ. ಅಂಗೈ ಚಾಚಿ ತೋರಿಸಿದ. ಮಸಿ ಇತ್ತು, ನೀರಿರಲಿಲ್ಲ.

ತಿಪ್ಪೇಶಿ ಒಳಗೆ ಹೋಗಿ ತನ್ನ ಚೀಲ ತಂದ. ಗುರುಗಳ ಕಾಲಿಗೆ ಬಿದ್ದ.

“ಎಲ್ಲಿಗೆ?”

“ಕ್ಲೀನರ್ ಕೆಲಸಕ್ಕೆ, ಬುದ್ಧಿ. ನೀವೇ ಹೇಳಿದ್ರಲ್ಲ.”

“ಘಾಟಿ ಇದೆ. ಹೆದರಿಕೆ ಇಲ್ಲವಾ?”

“ಈಗಿಲ್ಲ. ಬೇಕಾದರೆ ನನ್ನ ತಾಯೀನೂ ಕೂರಿಸಿಕೊಂಡು ಹತ್ತುತ್ತೀನಿ.”

“ಹಾಗಾದರೆ ಚೀಲ ವಾಪಸ್ ಒಳಗಿಡು” ಅಂದರು ಗುರುಗಳು. “ಲಾರಿ ಈಗ ಮಾರಬಹುದು.”