ಗುರುಪಾದನ ಮಣಿಗಿಡ

ದೇವೀರಮ್ಮನಿಗೆ ಇದ್ದವನು ಒಬ್ಬನೇ ಮಗ, ಗುರುಪಾದ. ಮೀಸೆ ಬಂದ ಆಳು. ತಾಯಿಯ ಒಂದು ಮಾತನ್ನೂ ಮೀರಿದವನಲ್ಲ. ಅವಳ ದುಃಖವೂ ಅದೇ. ಒಂದೆರಡನ್ನಾದರೂ ಮೀರಿದ್ದರೆ ಆ ಮನೆಯಲ್ಲಿ ಒಂದಿಷ್ಟು ಕೆಲಸ ನೆಟ್ಟಗೆ ಆಗುತ್ತಿತ್ತು.

ಅವಳ ತವರಿನ ಅಂಗಳದಲ್ಲಿ ಒಂದು ಮಣಿಗಿಡವಿತ್ತು. ತಿನ್ನುವುದಕ್ಕಲ್ಲ, ಮುಡಿಯುವುದಕ್ಕಲ್ಲ, ನೋಡುವುದಕ್ಕೆ ಇದ್ದ ಗಿಡ. ಮಳೆ ಹಿಂದಾಗಿ ನವರಾತ್ರಿ ಹತ್ತಿರವಾದಾಗ ಗೊಂಚಲು ಗೊಂಚಲಾಗಿ ಕಾಯಿ ಬಿಡುತ್ತಿತ್ತು. ಹಸಿರು ಹಳದಿಯಾಗಿ, ಹಳದಿ ಕೆಂಪಾಗುತ್ತಿತ್ತು. ಅವಳ ತಾಯಿ ಆ ಮಣಿಗಳನ್ನು ಪೋಣಿಸಿ ಪಟ್ಟದ ಗೊಂಬೆಗಳಿಗೆ, ಹಬ್ಬದಲ್ಲಿ ಎಲ್ಲ ಗೊಂಬೆಗಳಿಗಿಂತ ಮೇಲೆ ಕೂರುವ ಮರದ ರಾಜ ರಾಣಿಗೆ, ಮಾಲೆ ಹಾಕುತ್ತಿದ್ದಳು. ಮದುವೆಯಲ್ಲಿ ಆ ಗೊಂಬೆಗಳು ಮಗಳ ಮಡಿಲಿಗೆ ಬಂದವು. ಮಾಲೆ ಮಾತ್ರ ವರ್ಷವರ್ಷವೂ ತವರಿನಿಂದಲೇ ಬರುತ್ತಿತ್ತು.

ತಾಯಿ ಹೋದಳು. ಅಣ್ಣ ಕಾರು ನಿಲ್ಲಿಸಲು ಜಾಗ ಮಾಡುವಾಗ ಗಿಡ ಕಡಿಸಿದ. ದೇವೀರಮ್ಮ ಬಿದ್ದ ಗಿಡದಿಂದ ಒಂದು ಕಡ್ಡಿ ಮುರಿದು ತಂದು ಹಿತ್ತಿಲಲ್ಲಿ ನೆಟ್ಟಳು. ಇದರ ಮಣಿಯಿಂದಲೇ ಮತ್ತೆ ಮಾಲೆ ಹಾಕಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡಳು.

"ಗುರುಪಾದ, ದಿನಾ ನೀರು ಹಾಕು. ಬೇರು ಬಂತಾ ನೋಡ್ಕೋತಾ ಇರು."

"ಆಗಲವ್ವ."

ನೀರು ಹಾಕಿದ. ಬೇರನ್ನೂ ನೋಡಿಕೊಂಡ. ಬೆಳಿಗ್ಗೆ ಎದ್ದವನೇ ಕಡ್ಡಿ ಕಿತ್ತ, ತಿರುಗಿಸಿ ನೋಡಿದ, ಮತ್ತೆ ಸಿಕ್ಕಿಸಿದ. ಒಂದು ದಿನ ತಾಯಿ ಕಂಡಳು.

"ಏನೋ ಅದು?"

"ಬೇರು ನೋಡ್ತಿದೀನವ್ವ. ನಿನ್ನೆ ಒಂದೆಳೆ ಇತ್ತು. ಇವತ್ತು ಅದೂ ಇಲ್ಲ."

"ನಿನ್ನ ಬುದ್ಧಿಗಿಷ್ಟು. ಮಣ್ಣಲ್ಲಿರೋದನ್ನ ಕಿತ್ತು ನೋಡಬಾರದು ಕಣೋ. ಸುಮ್ನೆ ಕಾಯಬೇಕು, ತಾನಾಗೇ ಮೇಲೆ ಬರುತ್ತೆ."

"ಹಾಗಂತ ಮೊದಲೇ ಹೇಳಬಾರದಾ ಅವ್ವ?"

ಗಟ್ಟಿ ಜಾತಿಯ ಗಿಡ, ಹೇಗೋ ಚಿಗುರಿತು. ಅಷ್ಟರಲ್ಲಿ ಕಡಲೆಕಾಯಿ ಕೀಳುವ ಕಾಲ ಬಂತು. ತಾಯಿ ಮಗನನ್ನು ಹೊಲಕ್ಕೆ ಕಳಿಸಿದಳು. ಸಂಜೆ ಖಾಲಿ ಚೀಲ ಮಡಿಸಿಕೊಂಡು ಬಂದ.

"ಕಾಯಿ ಎಲ್ಲೋ?"

"ಮಣ್ಣಲ್ಲಿರೋದನ್ನ ಕೀಳಬಾರದು ಅಂದಿದ್ಯಲ್ಲ. ತಾನಾಗೇ ಬರಲಿ ಅಂತ ಚೀಲ ಬಿಚ್ಚಿಕೊಂಡು ಬದುವಿನ ಮೇಲೆ ಕೂತಿದ್ದೆ. ಹಂದಿಗಳಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ, ಎಲ್ಲಾ ಕಿತ್ತು ತಿಂದವು."

"ನೀನು ನೋಡ್ತಾ ಕೂತಿದ್ಯಾ? ನಮ್ಮ ಗಿಡಕ್ಕೆ ಬಾಯಿ ಹಾಕೋಕೆ ಬಂದಿದ್ದನ್ನ ಓಡಿಸಬೇಕಪ್ಪ, ಓಡಿಸಬೇಕು."

"ಹಾಗಂತ ಮೊದಲೇ ಹೇಳಬಾರದಾ ಅವ್ವ?"

ಮರುವರ್ಷದ ಮಳೆಗೆ ಮಣಿಗಿಡ ಆಳೆತ್ತರ ಬೆಳೆದು ಹೂ ಬಿಟ್ಟಿತು. ಹೂವೇನೋ ಬಂತು, ಬಂದದ್ದು ಬಂದಹಾಗೆ ಉದುರಿತು. ಒಂದೂ ಕಾಯಿ ಕಚ್ಚಲಿಲ್ಲ. ದೇವೀರಮ್ಮ ಹೋಗಿ ನೋಡಿದರೆ ಮಗ ಟವಲ್ ಬೀಸುತ್ತ ಗಿಡ ಸುತ್ತುತ್ತಿದ್ದಾನೆ. ಮುಖ ಅಲ್ಲಲ್ಲಿ ಊದಿದೆ.

"ಜೇನುಹುಳ ಅವ್ವ. ಬಾಯಿ ಹಾಕೋಕೆ ಬರ್ತವೆ. ಒಂದನ್ನೂ ಬಿಟ್ಟಿಲ್ಲ."

ಅವಳು ಮಗನ ಕೆನ್ನೆಗೆ ಸುಣ್ಣ ಹಚ್ಚುತ್ತ ಬೈದಳು. "ಅವು ಬಂದು ಹೋದರೇನೇ ಕಾಯಿ ಆಗೋದು. ರೆಕ್ಕೆ ಇರೋವು ನೆಂಟರಿದ್ದಂಗೆ. ಬಂದವು ಉಂಡು ಹೋಗಲಿ ಅಂತ ಬಿಡಬೇಕು."

"ಹಾಗಂತ ಮೊದಲೇ..."

"ಬಾಯಿ ಮುಚ್ಚು, ಸುಣ್ಣ ಹೋಗುತ್ತೆ."

ಕಡೆಯ ಹೂಗಳು ಉದುರದೆ ನಿಂತು ಕಾಯಿ ಕಚ್ಚಿದವು. ಹಸಿರು ಹಳದಿಯಾಯಿತು, ಹಳದಿ ಕೆಂಪಾಯಿತು. ಹಬ್ಬದ ಹಿಂದಿನ ದಿನ ದೇವೀರಮ್ಮ ಸೂಜಿ ದಾರ ಹಿಡಿದು ಹಿತ್ತಿಲಿಗೆ ಬಂದಳು. ಗಿಡದಲ್ಲಿ ಎಲೆ ಮಾತ್ರ ಇತ್ತು. ಗುರುಪಾದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಪಿಕಳಾರ ಹಕ್ಕಿಗಳು ಬಂದಿದ್ದವು. ಬಳಗ ದೊಡ್ಡದು ಅವ್ವ. ಬೇಡ ಬೇಡ ಅನ್ನಲೇ ಇಲ್ಲ, ಚೆನ್ನಾಗಿ ಉಂಡವು."

ಈ ಸಲ ಅವಳು ಬೈಯಲಿಲ್ಲ. ತಾನು ಹೇಳಿದ ಮಾತುಗಳನ್ನೇ ಒಂದೊಂದಾಗಿ ನೆನೆದಳು. ಯಾವುದೂ ಸುಳ್ಳಾಗಿರಲಿಲ್ಲ. ಹೇಳುವವಳು ತಾನು ಹೋದ ಮೇಲೆ ಇವನು ಯಾರ ಮಾತು ಕೇಳಿಕೊಂಡು ಬದುಕಬೇಕು ಎಂದುಕೊಂಡಳು.

ಒಳಗೆ ಬಂದು ಪೆಟ್ಟಿಗೆಯಿಂದ ರಾಜ ರಾಣಿಯನ್ನು ತೆಗೆದು ಸೆರಗಿನಲ್ಲಿ ಒರೆಸಿದಳು. "ನಮ್ಮಮ್ಮಂದು ಅಂತ ಇನ್ನು ಇವೆರಡೇ ಕಣೋ. ಇವೂ ಹೋದರೆ ಮುಗೀತು."

ಗುರುಪಾದ ಯೋಚಿಸಿದ. "ಕಡ್ಡೀನೂ ಒಂದೇ ಇತ್ತಲ್ಲವ್ವ. ಅಷ್ಟು ದೊಡ್ಡ ಗಿಡ ಹೆಂಗಾಯ್ತು?"

"ಮಣ್ಣಿಗಿಟ್ಟೆವು, ಆಯ್ತು. ಮಣ್ಣಿಗಿಟ್ಟಿದ್ದು ಮುಗಿಯಲ್ಲ."

"ಹಾಗಂತ ಮೊದಲೇ ಹೇಳಬಾರದಾ?"

ಅವಳು ಕೇಳಿಸಿಕೊಳ್ಳದೆ ಹೂವು ತರಲು ಅಂಗಡಿಗೆ ಹೋದಳು.

ಬಂದಾಗ ಪೆಟ್ಟಿಗೆ ಖಾಲಿ. ಹಿತ್ತಿಲಿಗೆ ಓಡಿದಳು. ಮಣಿಗಿಡದ ಬುಡದಲ್ಲಿ ರಾಜ ರಾಣಿ ಸೊಂಟದವರೆಗೆ ಮಣ್ಣಿನಲ್ಲಿ ನಿಂತಿದ್ದರು. ಸುತ್ತ ಪಾತಿ ಕಟ್ಟಿತ್ತು. ಅವಳು ಬಗ್ಗಿ ರಾಣಿಯ ತಲೆಗೆ ಕೈ ಹಾಕಿದಳು. ಗುರುಪಾದ ಆ ಕೈ ಹಿಡಿದುಕೊಂಡ.

"ಬೇಡವ್ವ. ಮಣ್ಣಲ್ಲಿರೋದನ್ನ ಕಿತ್ತು ನೋಡಬಾರದು."

ಬಗ್ಗಿದ್ದವಳು ಹಾಗೇ ಉಳಿದಳು. ಎಲೆಗಳ ಮರೆಯಲ್ಲಿ, ಹಕ್ಕಿಗಳಿಗೂ ಕಾಣದಷ್ಟು ಕೆಳಗೆ, ಒಂದು ಗೊಂಚಲು ಕೆಂಪಗೆ ತೂಗುತ್ತಿತ್ತು. ನಿಂತು ನೋಡಿದ್ದರೆ ಅವಳಿಗೂ ಕಾಣುತ್ತಿರಲಿಲ್ಲ. ಸರಿಯಾಗಿ ರಾಣಿಯ ಕೊರಳ ಮಟ್ಟಕ್ಕೆ ಇಳಿದಿತ್ತು.

ದೇವೀರಮ್ಮ ಅದನ್ನು ಕೀಳಲಿಲ್ಲ. ಗೊಂಬೆಗಳನ್ನೂ ಕೀಳಲಿಲ್ಲ. ಮಗನ ಪಕ್ಕ ನೆಲದ ಮೇಲೆ ಕೂತಳು.

"ಇರಲಿ ಬಿಡು. ಈ ಸಲ ದೀಪ ಇಲ್ಲೇ ಹಚ್ಚೋಣ. ನೀರು ಮಾತ್ರ ಹಾಕಬೇಡಪ್ಪ, ಬಣ್ಣ ಹೋಗುತ್ತೆ."

ಗುರುಪಾದ ಖಾಲಿ ಕೊಡವನ್ನೊಮ್ಮೆ ನೋಡಿದ, ಮೀಸೆಯೂ ಇಲ್ಲದೆ ಕಣ್ಣೂ ಇಲ್ಲದೆ ತೊಳೆದ ಹಾಗೆ ನಿಂತಿದ್ದ ರಾಜನನ್ನೊಮ್ಮೆ ನೋಡಿದ.

"ಹಾಗಂತ ಮೊದಲೇ ಹೇಳಬಾರದಾ ಅವ್ವ?"