ಬೊಮ್ಮಯ್ಯ ಹುಳು ಹಿಡಿದದ್ದು, ಇಲಿ ಹಿಡಿದದ್ದು

ಹೊನ್ನಾಜಮ್ಮನಿಗೆ ಬೊಮ್ಮಯ್ಯ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ಅವಳಿಗೆ ಅದೇ ತಲೆನೋವು.

ಹಿತ್ತಲ ದಂಟಿನ ಸೊಪ್ಪಿಗೆ ಬಸವನಹುಳು ಬಿದ್ದವು.

"ಒಂದೊಂದನ್ನೇ ಮೆಲ್ಲಗೆ ಎತ್ತಿ ಬೇಲಿಯಾಚೆ ಬಿಡಪ್ಪ," ಅಂದಳು ಅವ್ವ. ಬಿಟ್ಟ. ಅವಳಿಗೆ ಹಿಗ್ಗೋ ಹಿಗ್ಗು.

ಮಾರನೆ ದಿನ ಬಿತ್ತನೆ ರಾಗಿಗೆ ಸಣ್ಣಿಲಿ ಬಂತು. ಬೊಮ್ಮಯ್ಯ ಮೆಲ್ಲಗೆ ಬಗ್ಗಿದ, ಮೆಲ್ಲಗೆ ಕೈ ಚಾಚಿದ. ಇಲಿ ಬೆರಳು ಕಚ್ಚಿ ಓಡಿತು.

"ಲೇ, ಇಲಿ ಏನು ಬಸವನಹುಳುವೇ? ಅದು ಓಡುತ್ತೆ ಕಣೋ. ಉಸಿರು ಬಿಗಿಹಿಡಿದು, ತಟಕ್ಕನೆ ಬುಟ್ಟಿ ಕವುಚಿ, ಮೇಲೆ ಕೂತ್ಕೊಬೇಕು."

"ಆಗಲವ್ವ."

ಮೂರನೆ ದಿನ ಸೊಪ್ಪಿನ ಪಾತಿಯಲ್ಲಿ ಮತ್ತೆ ಬಸವನಹುಳು. ಉಸಿರು ಬಿಗಿಹಿಡಿದ, ತಟಕ್ಕನೆ ಒಂದರ ಮೇಲೆ ಬುಟ್ಟಿ ಕವುಚಿದ, ಕೂತ. ಬೆಳಗ್ಗೆ ಕೂತವನು ಸಂಜೆಯಾದರೂ ಏಳಲಿಲ್ಲ. ಉಳಿದ ಹುಳುಗಳು ಅವನ ಸುತ್ತಲೇ ಹರಿದಾಡಿ ಪಾತಿ ಬೋಳಿಸಿದವು.

"ಅದೇನು ಓಡಿಹೋಗುತ್ತೇನೋ? ನೀನು ಉಂಡು ಮಲಗೆದ್ದು ಬಂದರೂ ಅಲ್ಲೇ ಇರುತ್ತೆ."

"ಆಗಲವ್ವ."

ನಾಲ್ಕನೆ ದಿನ ಅವ್ವನೇ ಇಲಿಯನ್ನು ಬುಟ್ಟಿಯಡಿ ಕೆಡವಿದಳು. ಬೊಮ್ಮಯ್ಯನನ್ನು ಕಾವಲಿಗೆ ಕೂರಿಸಿ ನೀರಿಗೆ ಹೋದಳು. ಅವನು ಉಂಡ, ಮಲಗಿದ, ಎದ್ದು ಬಂದ. ಇಲಿ ಬುಟ್ಟಿ ಕೊರೆದು ಹೋಗಿತ್ತು. ಹೋಗುವಾಗ ಅವನ ಮದುವೆಗೆಂದು ಅವ್ವ ಎತ್ತಿಟ್ಟಿದ್ದ ಸೀರೆಯನ್ನೂ ಕೊರೆದಿತ್ತು.

ಅವ್ವ ಸೀರೆಯ ತೂತಿನಲ್ಲಿ ಬೆರಳಿಟ್ಟು ನೋಡಿದಳು. ಆಮೇಲೆ ಅಂದಳು: "ಮಗನೇ, ಇನ್ಮೇಲೆ ಮನೆಗೆ ಏನೇ ಬರಲಿ, ಮೊದಲು ಸುತ್ತ ಬಂದು ನೋಡು. ಬೆನ್ನ ಮೇಲೆ ಮನೆ ಇದ್ದರೆ ಬಸವನಹುಳು. ಹಿಂದೆ ಬಾಲ ಇದ್ದರೆ ಇಲಿ. ಯಾವುದು ಅಂತ ಗೊತ್ತಾಗೋವರೆಗೂ ಬಿಡಬೇಡ."

"ಆಗಲವ್ವ."

ಐದನೆ ದಿನ ಗಂಡು ನೋಡಲು ಹುಡುಗಿಯ ಸೋದರಮಾವ ಗುರುವಿಂಜಪ್ಪ ಬಂದರು. ಮೂರೂರಿಗೆ ಹೇಳಿಕಳಿಸಿದ್ದಕ್ಕೆ ಬಂದವರು ಅವರೊಬ್ಬರೇ. ಅವ್ವ ಅವರನ್ನು ಜಗಲಿಯಲ್ಲಿ ಕೂರಿಸಿ, ಪಕ್ಕದ ಮನೆಗೆ ಹಾಲಿಗೆ ಓಡಿದಳು.

ಅವಳು ಚೊಂಬು ಹಿಡಿದು ಬರುವಷ್ಟರಲ್ಲಿ ಗುರುವಿಂಜಪ್ಪನವರು ಗೋಡೆಗೆ ಬೆನ್ನು ಒತ್ತಿಕೊಂಡು, ಎರಡೂ ಕೈಯಲ್ಲಿ ಪಂಚೆ ಬಿಗಿಹಿಡಿದು ಬೆವರುತ್ತಿದ್ದರು. ಬೊಮ್ಮಯ್ಯ ಅವರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಏನೋ ಮಾಡ್ತಿದ್ದೀಯ?"

"ನೀ ಹೇಳಿದ ಹಾಗೇ ಕಣವ್ವ. ಬೆನ್ನ ಮೇಲೆ ಮನೆ ಇಲ್ಲ, ಅದನ್ನ ನೋಡಿಯಾಯ್ತು. ಬಾಲ ನೋಡೋಕೆ ಮಾತ್ರ ಬಿಡ್ತಿಲ್ಲ. ಚೊಂಬು ಅಲ್ಲಿಟ್ಟು, ಇವರ ಕೈ ಸ್ವಲ್ಪ ಹಿಡ್ಕೊ ಬಾ."