ಬೋರಲಿಂಗ ಕಟ್ಟಿದ ಕಡಲ ಕನ್ನಡಕ

ಕೇಳಿ, ಇದು ಚನ್ನಾಜಮ್ಮನ ಮಗ ಬೋರಲಿಂಗನ ಕತೆ. ಹೇಳೋಕೆ ನನಗೇ ಸುಸ್ತು, ಇನ್ನು ಹೆತ್ತವಳಿಗೆ ಹೇಗಿರಬೇಡ! ಮೀಸೆ ಬಂದು ಹತ್ತು ವರ್ಷವಾಯಿತು, ಬುದ್ಧಿ ಮಾತ್ರ ಬರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಗಂಡಸು.

ಚನ್ನಾಜಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಯಾ. ಮೂವತ್ತು ವರ್ಷ ಫಿನಾಯಿಲ್ ಹಾಕಿ ನೆಲ ಒರೆಸಿ ಮಂಡಿ ಸವೆದಿತ್ತು. ಶನಿವಾರಕ್ಕೆ ನಿವೃತ್ತಿ. ಜಬೀನ್ ಸಿಸ್ಟರಿಗೆ ಕೈಮುಗಿದು ಮಗನನ್ನು ಅಲ್ಲೇ ಸೇರಿಸಿದ್ದಳು. ವಾರ್ಡಿಗೆ ಹೊಸದಾಗಿ ವಿ.ಆರ್. ಕನ್ನಡಕ ಬಂದಿತ್ತು. ಕಣ್ಣಿಗೆ ಕಟ್ಟಿದರೆ ಸುತ್ತಲೂ ಕಡಲು, ಬಣ್ಣದ ಮೀನು. ಸೂಜಿ ಕಾಣದು, ನೋವೂ ಅಷ್ಟಾಗಿ ತಿಳಿಯದು. ಅದನ್ನು ಮಕ್ಕಳಿಗೆ ಕಟ್ಟುವುದೇ ಬೋರಲಿಂಗನ ಕೆಲಸ.

"ಶನಿವಾರದೊಳಗೆ ಒಂದು ಮಗುವಾದ್ರೂ ಅಳದೆ ಸೂಜಿ ಹಾಕಿಸ್ಕೊಂಡ್ರೆ ಇವನಿರ್ಲಿ. ಇಲ್ಲಾಂದ್ರೆ ನಿನ್ನ ಜೊತೇಲೇ ಕರ್ಕೊಂಡು ಹೋಗು," ಅಂದರು ಸಿಸ್ಟರ್.

"ಲೋ, ಯಾರು ಅಳ್ತಾರೆ ನೋಡು, ಅವ್ರಿಗೆ ಕಟ್ಟು!" ಅಂದಳು ತಾಯಿ.

"ಆಗ್ಲವ್ವಾ!"

ಗುರುವಾರ ಇಂಚರ ಅನ್ನೋ ಆರು ವರ್ಷದ ಕೂಸು ಸೇರಿತು. ದಿನಕ್ಕೊಂದು ಸೂಜಿ. ಕೂಸಿಗಿಂತ ಜೋರಾಗಿ ಅತ್ತವಳು ಅದರ ಅಜ್ಜಿ. ಬೋರಲಿಂಗ ಅಜ್ಜಿಗೇ ಕಟ್ಟಿಬಿಟ್ಟ!

"ಅಯ್ಯಯ್ಯಪ್ಪಾ, ನೀರು! ಮುಳುಗ್ತೀನಲ್ಲಪ್ಪೋ!" ಅಜ್ಜಿ ಸೀರೆ ಎತ್ತಿಕೊಂಡು ಮಂಚ ಹತ್ತಿತು. ಇಂಚರ ಕಿರುಚಿದ್ದು ಬಸ್ ಸ್ಟ್ಯಾಂಡಿಗೆ ಕೇಳಿಸಿತು.

"ಅಜ್ಜಿಗೆ ಯಾರೋ ಕಟ್ಟು ಅಂದೋರು?"

"ಅಳೋರಿಗೆ ಅಂದೆಯಲ್ಲವ್ವಾ!"

"ನನ್ನ ಹಣೆಬರಹ! ಸೂಜಿ ಕಂಡ್ರೆ ಯಾರ ಕೈ ನಡುಗುತ್ತೋ ಅವ್ರಿಗೆ ಕಟ್ಟು!"

"ಆಗ್ಲವ್ವಾ!"

ಶುಕ್ರವಾರ ಸೂಜಿ ಹಿಡಿದವಳು ತರಬೇತಿಗೆ ಬಂದ ಹುಡುಗಿ. ಹೊಸಬಳು ಪಾಪ, ಕೈ ಗಡಗಡ. ಬೋರಲಿಂಗ ಹಿಂದಿನಿಂದ ಬಂದು ಅವಳಿಗೇ ಕಟ್ಟಿದ! ಸೂಜಿ ಹೋಗಿ ದಿಂಬಿಗೆ ಚುಚ್ಚಿಕೊಂಡಿತು.

ಈ ಸಲ ಚನ್ನಾಜಮ್ಮ ಮಗನಿಗೇ ಕೈಮುಗಿದಳು. "ನೋವು ಯಾರಿಗೋ ಅವ್ರಿಗೆ ಕಟ್ಟಪ್ಪಾ. ನೋವು ಹೋಗೋ ತನಕ ಬಿಚ್ಚಬೇಡ. ಇನ್ನು ನನ್ನ ಕೈಲಿ ಆಗಲ್ಲ ಕಣೋ," ಅಂದಳು. ಕಣ್ಣಲ್ಲಿ ನೀರು.

"ಆಗ್ಲವ್ವಾ!"

ಶನಿವಾರ ಸಿಸ್ಟರೇ ಸೂಜಿ ಹಿಡಿದರು. ಇಂಚರಳ ತುಟಿ ಅದುರಿತು. ಅಷ್ಟರಲ್ಲಿ ಚನ್ನಾಜಮ್ಮ, "ಅಯ್ಯೋ, ಮಂಡಿ ನೋವು!" ಅಂತ ಸ್ಟೂಲಿನ ಮೇಲೆ ಕುಸಿದಳು. ಬೋರಲಿಂಗ ಓಡಿ ಬಂದು ತಾಯಿಗೇ ಕಟ್ಟಿದ!

ಹೊಡೆಯಲು ಎತ್ತಿದ ಅವಳ ಕೈ ಗಾಳಿಯಲ್ಲೇ ನಿಂತಿತು. "ಎಲಾ ಎಲಾ, ಎಂಥಾ ಮೀನೋ! ಬಾರೇ, ಬಾರೇ, ಸಾರಿಗೆ ಬಾರೇ!" ಸೆರಗು ಚಾಚಿ ಬರೀ ಗಾಳಿಯಲ್ಲಿ ಮೀನು ಹಿಡಿದಳು. ಇಂಚರ ಬಾಯಿಬಿಟ್ಟು ನೋಡಿತು, ಕಿಲಕಿಲ ನಕ್ಕಿತು. ನಗುತ್ತಿರುವಾಗಲೇ ಸೂಜಿ ಹೋಗಿ ಬಂತು.

"ಇವನಿರ್ಲಿ," ಅಂದರು ಸಿಸ್ಟರ್.

ಸಂಜೆ ಬೀಳ್ಕೊಡುಗೆ ಅಂತ ಚನ್ನಾಜಮ್ಮನಿಗೆ ಹಾರ ಹಾಕಿದರು, ಟೀ ಕೊಟ್ಟರು. ಬೋರಲಿಂಗ ಕನ್ನಡಕ ಬಿಚ್ಚಲಿಲ್ಲ. ಬಿಚ್ಚು ಅಂತ ಚನ್ನಾಜಮ್ಮನೂ ಅನ್ನಲಿಲ್ಲ. ಕೈ ಹಿಡಿದು ಹಾಗೇ ಮನೆಗೆ ಕರೆದುಕೊಂಡು ಹೋದ.

ಸೋಮವಾರ ಬೆಳಿಗ್ಗೆ ಸಿಸ್ಟರ್ ಫೋನಿನಲ್ಲಿ ಕೂಗಿದರು: "ಲೋ, ಕನ್ನಡಕ ತಗೊಂಡು ಬಾರೋ!"

ತಂದ. ಕನ್ನಡಕದ ಜೊತೆ ತಾಯಿಯನ್ನೂ ತಂದ.

"ಬಿಚ್ಚೋ ಅದನ್ನ!"

"ಹೇಗೆ ಬಿಚ್ಲಿ ಸಿಸ್ಟರ್? ಮಂಡಿ ನೋವು ಇನ್ನೂ ಹೋಗಿಲ್ವಂತೆ!"

ಕನ್ನಡಕದೊಳಗಿಂದ ಚನ್ನಾಜಮ್ಮ ಮೂಗರಳಿಸಿದಳು. "ಮಗಾ, ಎಲ್ಲಿಗೆ ಕರ್ಕೊಂಡು ಬಂದ್ಯೋ? ಈ ಕಡಲೂ ಫಿನಾಯಿಲ್ ನಾರುತ್ತಲ್ಲೋ!"